ದಾಕ್ಷಾಯಿಣಿಯ ಹಳದಿ ಪುಟ

ನಮ್ಮೂರಲ್ಲಿ ಯಾರು ಯಾವ ಸುದ್ದಿ ಓದಿ ಬಂದಿದ್ದಾರೆ ಎಂದು ಬಾಯಿಬಿಟ್ಟು ಕೇಳಬೇಕಾಗಿಲ್ಲ, ಅವರ ಬೆರಳು ನೋಡಿದರೆ ಸಾಕು. ಬೆಳಿಗ್ಗೆ ‘ಡಂಗುರ’ ಪತ್ರಿಕೆ ಅಚ್ಚಿನಿಂದ ಹೊರಬರುವಾಗ ಅನ್ನದ ಹಾಗೆ ಬೆಳ್ಳಗಿರುತ್ತದೆ. ಅದು ಮನೆಬಾಗಿಲಿಗೆ ಬಂದು, ಹಾಲು ಕಾದು, ಕಾಫಿ ಲೋಟ ಕೈಗೆ ಬರುವಷ್ಟರಲ್ಲಿ ಇಲ್ಲದ್ದನ್ನು ಬರೆದ ಸಾಲುಗಳೆಲ್ಲ ಹಳದಿಯಾಗಿರುತ್ತವೆ. ಸ್ವಲ್ಪ ಉಬ್ಬಿಸಿದ್ದರೆ ನಿಂಬೆಸಿಪ್ಪೆಯ ತಿಳಿಹಳದಿ. ಹಸಿ ಸುಳ್ಳಾದರೆ ಅರಿಸಿನದ ಕೊಂಬು ತೇದಂತೆ ದಟ್ಟವಾಗಿ, ಮುಟ್ಟಿದ ಬೆರಳಿಗೂ ಹತ್ತುತ್ತದೆ. ರಾಶಿಫಲದ ಜಾಗವಂತೂ ಅಚ್ಚಾಗುವ ಮೊದಲೇ ಹಳದಿ ಎಂದು ನಾವು ತಮಾಷೆ ಮಾಡುವುದುಂಟು. ಹವಾಮಾನದ ವರದಿಗೆ ಅಂಚು ಮಾತ್ರ ಹಳದಿ. ಶ್ರದ್ಧಾಂಜಲಿಗಳಲ್ಲಿ ‘ಅಜಾತಶತ್ರು’ ಎಂಬ ಪದ ಬಂದಲ್ಲೆಲ್ಲ ಒಂದು ಹಳದಿ ಮಚ್ಚೆ ಮೂಡಿರುತ್ತದೆ.

ಹೀಗಿರುವಾಗ ಜನ ಹಳದಿ ಸಾಲುಗಳನ್ನು ಬಿಟ್ಟು ಬಿಳಿ ಸಾಲುಗಳನ್ನೇ ಓದುತ್ತಾರೆ ಎಂದು ಹೊರಗಿನವರು ತಿಳಿಯಬಹುದು. ಅಂಥ ಒಳ್ಳೆಯ ಬುದ್ಧಿ ನಮಗಿಲ್ಲ. ನಾವು ಮೊದಲು ಓದುವುದೇ ಹಳದಿಯನ್ನು. ಸುಳ್ಳೆಂದು ಗೊತ್ತಿದ್ದೇ ಓದುತ್ತೇವೆ, ನಗುತ್ತೇವೆ, ನಮ್ಮದೂ ಒಂದಿಷ್ಟು ಸೇರಿಸಿ ಪಕ್ಕದ ಮನೆಗೆ ದಾಟಿಸುತ್ತೇವೆ. ಪೇಪರ್ ಹಾಕುವವನು ಕೈ ತೊಳೆಯಲೆಂದು ಜೊತೆಗೆ ನಿಂಬೆಹೋಳನ್ನೂ ಮಾರುತ್ತಾನೆ. ಊರಾಚೆಯ ಗಿರಣಿಯಲ್ಲಿ ತಯಾರಾಗುವ ಕಾಗದದ ಗುಣವೇ ಹಾಗೆ, ಅಚ್ಚು ಹಾಕಿದರೂ ಅಷ್ಟೇ, ಕೈಯಲ್ಲಿ ಬರೆದರೂ ಅಷ್ಟೇ. ಅದಕ್ಕೇ ಮದುವೆಯ ಕರೆಯೋಲೆ, ಅಂಗಡಿಯ ಜಾಹೀರಾತು, ಪ್ರೇಮಪತ್ರ ಇವುಗಳಿಗೆಲ್ಲ ಬೇರೆ ಊರಿನ ಕಾಗದ ತರಿಸುವುದು ರೂಢಿ. ನಮ್ಮ ಗಿರಣಿಯ ಕಾಗದದ ಮೇಲೆ ಪ್ರೇಮಪತ್ರ ಬರೆಯುವ ಧೈರ್ಯ ಮಾಡಿದವರು ನನಗೆ ತಿಳಿದಂತೆ ಇಬ್ಬರೇ, ಅವರಲ್ಲಿ ಒಬ್ಬ ನಾನು. ನನ್ನ ಹೆಂಡತಿ ಇಂದ್ರಾಣಿ ಅದನ್ನು ಇವತ್ತಿಗೂ ತನ್ನ ಟ್ರಂಕಿನಲ್ಲಿ ಇಟ್ಟುಕೊಂಡಿದ್ದಾಳೆ. ಯಾವ ಸಾಲು ಹಳದಿಯಾಗಿದೆ ಎಂದು ಎಷ್ಟು ಕೇಳಿದರೂ ತೋರಿಸುವುದಿಲ್ಲ.

ನಾನು ಈ ಊರಿನ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತನಾದವನು. ನಿವೃತ್ತನಾದ ಹೊಸದರಲ್ಲಿ ಹೊತ್ತು ಹೋಗದೆ ಹಿತ್ತಿಲ ಗೋಡೆಯ ಮೇಲೆ ಒಂದು ಆನೆ ಬರೆದೆ. ಮನೆಯಲ್ಲಿ ಉಳಿದಿದ್ದುದು ಹಳದಿ ಬಣ್ಣ ಒಂದೇ, ಹಾಗಾಗಿ ಹಳದಿ ಆನೆ. ಮಾರನೆಯ ದಿನ ಡಂಗುರದಲ್ಲಿ ದೊಡ್ಡ ಅಕ್ಷರಗಳಲ್ಲಿ ‘ಮಾಜಿ ಮೇಷ್ಟ್ರ ಹಿತ್ತಿಲಲ್ಲಿ ಚಿನ್ನದ ಆನೆ, ಸರ್ಕಾರದ ಮೌನವೇಕೆ?’ ಎಂದು ಬಂತು. ಸಂಜೆಯೊಳಗೆ ನನ್ನ ಹಿತ್ತಿಲಲ್ಲಿ ಕಾಲಿಡಲು ಜಾಗವಿಲ್ಲ, ಬದನೆಗಿಡಗಳೆಲ್ಲ ನೆಲಸಮ. ನನಗೆ ಸಿಟ್ಟು ನೆತ್ತಿಗೇರಿತು. ಆ ಸುದ್ದಿಯನ್ನು ಕತ್ತರಿಸಿ ದೊಡ್ಡ ಹಾಳೆಗೆ ಅಂಟಿಸಿದೆ. ಸುತ್ತಲೂ ಚೆಂಡುಹೂವಿನ ಎಸಳು, ಬಾಳೆಸಿಪ್ಪೆ, ತುಳಿದು ಸತ್ತ ಬದನೆಯ ಹಣ್ಣೆಲೆ ಅಂಟಿಸಿ, ಆನೆಯ ಬೆನ್ನ ಮೇಲೆ ಸಂಪಾದಕ ಭುಜಂಗಯ್ಯನನ್ನು ಕೂರಿಸಿ, ವಾಚನಾಲಯದ ಜಗಲಿಯಲ್ಲಿ ಬಟ್ಟೆಯ ಕ್ಲಿಪ್ಪು ಹಾಕಿ ನೇತುಹಾಕಿದೆ. ಜನ ಬಂದು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಭುಜಂಗಯ್ಯನೂ ಬಂದು, ತನ್ನ ಮೂಗು ಅಷ್ಟು ಉದ್ದವಿಲ್ಲ ಎಂದು ತಕರಾರು ತೆಗೆದು, ನಕ್ಕು ಹೋದ. ಆಮೇಲೆ ಯಾರೂ ಹಿತ್ತಿಲಿಗೆ ಬರಲಿಲ್ಲ.

ಅಲ್ಲಿಂದ ಇದೊಂದು ಪದ್ಧತಿಯೇ ಆಗಿಹೋಯಿತು. ಡಂಗುರದಲ್ಲಿ ಯಾರ ಬಗ್ಗೆ ಹಳದಿ ಸುದ್ದಿ ಬರುತ್ತದೋ ಅವರು ಆ ತುಣುಕನ್ನು ಹಿಡಿದುಕೊಂಡು ನನ್ನ ಪಡಸಾಲೆಗೆ ಬರುತ್ತಾರೆ. ಹಾಳೆ, ಮೈದಾ ಅಂಟು, ಕತ್ತರಿ ನನ್ನದು. ಹಳದಿ ವಸ್ತುಗಳು ಅವರದು. ಯಾರೋ ಹರಿದ ಸೀರೆಯ ಅಂಚು ತರುತ್ತಾರೆ, ಯಾರೋ ಬೆಂಕಿಪೊಟ್ಟಣದ ಚಿತ್ರ, ಚಾಕೊಲೇಟಿನ ಜಿಗಿಜಿಗಿ ಕಾಗದ, ಈರುಳ್ಳಿ ಸಿಪ್ಪೆ. ತಮ್ಮ ಬಗ್ಗೆ ಬಂದ ಸುಳ್ಳನ್ನು ಅವರೇ ಕತ್ತರಿಸಬೇಕು, ಅವರೇ ಅಂಟಿಸಬೇಕು, ಅದರ ಮೇಲೆ ಬಣ್ಣ ಎಳೆಯಬೇಕು. ಅದಕ್ಕೆ ಹಳದಿ ಪುಟ ಎಂದು ಹೆಸರು. ಮಿಠಾಯಿ ಅಂಗಡಿಯ ಕೊಟ್ರಪ್ಪನ ಲಾಡಿನಲ್ಲಿ ಹಾವಿನ ಮರಿ ಸಿಕ್ಕಿತೆಂದು ಬಂದಾಗ (ಸಿಕ್ಕಿದ್ದು ಗೋಣಿಯ ದಾರ) ಅವನು ಅಳುತ್ತಲೇ ಬಂದ. ಲಾಡಿನ ಪೊಟ್ಟಣಗಳನ್ನು ಕತ್ತರಿಸಿ ಹೆಡೆಯೆತ್ತಿದ ಹಾವು ಮಾಡಿ, ಅದರ ಬಾಯಲ್ಲಿ ಲಾಡು ಇಟ್ಟು ಹೋದ. ಆ ವಾರ ಅವನಿಗೆ ಲಾಡು ಕಟ್ಟಲು ಕೈ ಸಾಲಲಿಲ್ಲ. ವಾಚನಾಲಯದ ಜಗಲಿಯಲ್ಲಿ ಪುಟ ನೇತಾಡಿತೆಂದರೆ ಊರು ನಕ್ಕು ಆ ಮಾತನ್ನು ಅಲ್ಲಿಗೆ ಬಿಡುತ್ತದೆ. ಅದೊಂದು ಗುಣ ನಮ್ಮವರಲ್ಲಿದೆ.

ಆದರೆ ಬಿಳಿ ಸುದ್ದಿಗೆ ಪುಟ ಇಲ್ಲ. ಬಿಳಿ ಎಂದರೆ ನಿಜ, ನಿಜಕ್ಕೆ ನಗುವುದೆಂತು? ಬಿಳಿಯಾಗಿ ಉಳಿದದ್ದನ್ನು ಊರು ಕಣ್ಣುಮುಚ್ಚಿ ನಂಬುತ್ತದೆ. ನಾನೂ ನಂಬುತ್ತಿದ್ದೆ.

ಟಾಕೀಸಿನ ಗೇಟ್‌ಕೀಪರ್ ಪಂಪಣ್ಣ ತೀರಿಕೊಂಡಾಗ ಡಂಗುರದಲ್ಲಿ ಬಂದ ಸುದ್ದಿ ಪೂರ್ತಿ ಬಿಳಿಯಾಗಿತ್ತು. ಅವತ್ತು ಭುಜಂಗಯ್ಯನಿಗೆ ವಿಪರೀತ ಹಲ್ಲುನೋವಂತೆ, ಉಬ್ಬಿಸಿ ಬರೆಯುವ ತ್ರಾಣವಿರಲಿಲ್ಲ. ಕೇಳಿದ್ದನ್ನು ಕೇಳಿದ ಹಾಗೆ ಬರೆದು ಅಚ್ಚಿಗೆ ಕೊಟ್ಟು ಮಲಗಿಬಿಟ್ಟಿದ್ದ. ‘ಬಹುಕಾಲದಿಂದ ಹಾಸಿಗೆ ಹಿಡಿದಿದ್ದ ಪಂಪಣ್ಣನವರು ಶುಕ್ರವಾರ ಮಧ್ಯಾಹ್ನ ನಿಧನರಾದರು. ಆ ವೇಳೆ ಪತ್ನಿ ದಾಕ್ಷಾಯಿಣಿ ಚಿತ್ರಮಂದಿರದಲ್ಲಿ ಸಿನಿಮಾ ನೋಡುತ್ತಿದ್ದರು. ಅವಳು ಬಂದಳಾ, ಸಿನಿಮಾ ಬಿಟ್ಟಿತಾ ಎಂದು ಪಂಪಣ್ಣ ಕೊನೆಯವರೆಗೂ ಕೇಳುತ್ತಿದ್ದರೆಂದು ಅವರ ಅಕ್ಕ ಹೊನ್ನಮ್ಮ ತಿಳಿಸಿದ್ದಾರೆ.’ ಇಷ್ಟೇ. ಕಾಫಿ ಮುಗಿಯಿತು, ಬಿಸಿಲು ಅಂಗಳಕ್ಕೆ ಬಂತು, ಒಂದಕ್ಷರವೂ ಬಣ್ಣ ತಿರುಗಲಿಲ್ಲ. ಇಂದ್ರಾಣಿ ಎರಡು ಸಲ ಓದಿ, ಪತ್ರಿಕೆಯನ್ನು ಮಡಚಿ ಅಕ್ಕಿ ಡಬ್ಬಿಯ ಮೇಲಿಟ್ಟಳು. ‘ಪಾಪ’ ಎಂದಳು. ಯಾರ ಬಗ್ಗೆ ಅಂದಳೆಂದು ನಾನು ಕೇಳಲಿಲ್ಲ.

ಊರು ಮಾತ್ರ ಪಂಪಣ್ಣನ ಬಗ್ಗೆ ಪಾಪ ಎಂದಿತು. ಗಂಡ ಪ್ರಾಣ ಬಿಡುವಾಗ ಸಿನಿಮಾ ನೋಡುತ್ತಿದ್ದವಳು ಎಂದು ದಾಕ್ಷಾಯಿಣಿಯ ಮೇಲೆ ಯಾರೂ ಜಗಳಕ್ಕೆ ಹೋಗಲಿಲ್ಲ, ಬೈಯಲಿಲ್ಲ, ಅದೇ ಕಷ್ಟವಾಯಿತು. ಅವಳು ನಲ್ಲಿಯ ಹತ್ತಿರ ಬಂದರೆ ಹೆಂಗಸರ ಮಾತು ನಿಲ್ಲುತ್ತಿತ್ತು. ಹಾಲಿನವಳು ಮಾತಾಡಿಸದೆ ಮೆಟ್ಟಿಲ ಮೇಲೆ ಹಾಲಿಟ್ಟು ಹೋಗುತ್ತಿದ್ದಳು. ಎಲ್ಲಕ್ಕಿಂತ ಹೆಚ್ಚಾಗಿ, ಒಂದೇ ಮನೆಯಲ್ಲಿದ್ದ ಹೊನ್ನಮ್ಮ ಅಡುಗೆಮನೆಯ ಇನ್ನೊಂದು ಮೂಲೆಯಲ್ಲಿ ತನಗೆಂದು ಬೇರೆ ಒಲೆ ಹೂಡಿದಳು. ಹೊನ್ನಮ್ಮ ಪಂಪಣ್ಣನನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ. ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಅವಳೂ ದಾಕ್ಷಾಯಿಣಿಯೂ ಒಂದೇ ತಟ್ಟೆಯಲ್ಲಿ ಮಂಡಕ್ಕಿ ತಿನ್ನುವಷ್ಟು ಸಲಿಗೆಯಿಂದಿದ್ದವರು. ಈಗ ಒಂದೇ ಹೆಂಚಿನ ಕೆಳಗೆ ಎರಡು ಹೊಗೆ ಏಳುತ್ತಿತ್ತು.

ಒಂದು ದಿನ ಬೆಳಿಗ್ಗೆ ದಾಕ್ಷಾಯಿಣಿ ನಮ್ಮ ಮನೆಗೆ ಬಂದಳು. ಸಣ್ಣ ಮೈಕಟ್ಟಿನ ಹೆಂಗಸು, ಶಾಲೆಯಲ್ಲಿ ನನ್ನ ಕೈಯಲ್ಲೇ ಕಲಿತವಳು. ಆಗ ಚಿತ್ರಕ್ಕಿಂತ ಚಿತ್ರದ ಕೆಳಗೆ ಕಥೆ ಬರೆಯುವುದರಲ್ಲೇ ಅವಳ ಹೊತ್ತೆಲ್ಲ ಹೋಗುತ್ತಿತ್ತು. ಕೈಯಲ್ಲೊಂದು ಬಟ್ಟೆಯ ಚೀಲ ಹಿಡಿದು ಪಡಸಾಲೆಯ ಕಂಬಕ್ಕೆ ಒರಗಿ ನಿಂತಳು.

“ಮೇಷ್ಟ್ರೇ, ನಂಗೂ ಒಂದು ಹಳದಿ ಪುಟ ಮಾಡಿಸಿಕೊಡಿ” ಎಂದಳು.

“ಸುದ್ದಿ ತಂದಿದೀಯಾ?”

ಅವಳು ಕೊಟ್ಟ ತುಣುಕನ್ನು ಬೆಳಕಿಗೆ ಹಿಡಿದು ನೋಡಿದೆ. ಎಷ್ಟೋ ಸಲ ಮಡಚಿ ಬಿಡಿಸಿ ಮಡಿಕೆಗಳು ಹರಿಯುವಂತಾಗಿದ್ದವು, ಬಣ್ಣ ಮಾತ್ರ ಬೆಳ್ಳಗೇ ಇತ್ತು.

“ಇದು ಬಿಳಿ ಕಣಮ್ಮ” ಎಂದೆ. “ಹಳದಿ ಇಲ್ದೆ ಹಳದಿ ಪುಟ ಹೆಂಗೆ ಮಾಡ್ಲಿ? ಸುಳ್ಳು ಬರೆದಿದ್ರೆ ಬೇರೆ ಮಾತು. ಇದ್ರಲ್ಲಿ ಯಾವ್ದು ಸುಳ್ಳು, ಹೇಳು.”

“ಯಾವ್ದೂ ಇಲ್ಲ” ಎಂದಳು. “ನಾನು ಸಿನಿಮಾಕ್ಕೆ ಹೋಗಿದ್ದು ನಿಜ. ಅವ್ರು ಕೇಳಿದ್ದೂ ನಿಜಾನೇ ಇರ್ಬೇಕು. ಅದಕ್ಕೇ ತಡ್ಕೊಳಕ್ಕೆ ಆಗ್ತಾ ಇಲ್ಲ.”

ಒಳಗಿಂದ ಇಂದ್ರಾಣಿ ಕಾಫಿ ತಂದು ಅವಳ ಕೈಗಿಟ್ಟು, ನನ್ನತ್ತ ಒಂದು ನೋಟ ಬಿಟ್ಟಳು. ಅದರರ್ಥ, ಬಂದವಳನ್ನು ನಿಲ್ಲಿಸಿಕೊಂಡು ಪಾಠ ಮಾಡುತ್ತಿದ್ದೀರಲ್ಲ ಎಂದು. ನಾನು ಚಾಪೆ ಹಾಸಿದೆ.

ದಾಕ್ಷಾಯಿಣಿ ಕೂತು, ಕಾಫಿ ಆರುವವರೆಗೂ ಮಾತಾಡಿದಳು. ಪಂಪಣ್ಣ ಇಡೀ ಜೀವಮಾನ ಟಾಕೀಸಿನ ಬಾಗಿಲಲ್ಲಿ ಟಿಕೆಟ್ ಹರಿದವನು. ತಡವಾಗಿ ಬರುವವರನ್ನೆಲ್ಲ ಒಳಗೆ ಬಿಟ್ಟು, ಪರದೆ ಎಳೆದು, ಹಿಂದೆ ನಿಂತು ನೋಡುವಷ್ಟರಲ್ಲಿ ಕಥೆ ಅರ್ಧ ದಾಟಿರುತ್ತಿತ್ತು. ನಾಯಕ ಯಾಕೆ ಅಳುತ್ತಿದ್ದಾನೆ, ಖಳನಿಗೆ ಕೈ ಹೋಗಿದ್ದು ಹೇಗೆ, ಒಂದೂ ಅವನಿಗೆ ಗೊತ್ತಾಗುತ್ತಿರಲಿಲ್ಲ. ಬಿಡುವಾಗಲೂ ಜನ ಏಳುವ ಮೊದಲೇ ಬಾಗಿಲು ತೆರೆಯಲು ಓಡಬೇಕು. ಮೊದಲೂ ಇಲ್ಲ, ಕೊನೆಯೂ ಇಲ್ಲ, ಬರೀ ನಡುವಿನ ತುಂಡು. ಮುಂದೆ ಸೊಂಟದ ಕೆಳಗೆ ಸ್ವಾಧೀನ ತಪ್ಪಿ ಹಾಸಿಗೆ ಹಿಡಿದ ಮೇಲೆ ಅವನೇ ಹೆಂಡತಿಗೆ ಹೇಳಿದನಂತೆ, ಪ್ರತಿ ಶುಕ್ರವಾರ ಹೊಸ ಸಿನಿಮಾ ನೋಡಿಕೊಂಡು ಬಾ, ನನಗೆ ಮೊದಲಿಂದ ಹೇಳು ಎಂದು. ಟಾಕೀಸಿನವರು ಅವನ ಮೇಲಿನ ವಿಶ್ವಾಸಕ್ಕೆ ಅವಳನ್ನು ಪುಕ್ಕಟೆ ಬಿಡುತ್ತಿದ್ದರು. ಅವಳು ನೋಡಿ ಬಂದು, ಹಾಸಿಗೆಯ ಪಕ್ಕ ಕೂತು, ಹಾಡು ಹೊಡೆದಾಟ ಸಮೇತ ಹೇಳುತ್ತಿದ್ದಳು.

“ಇದ್ದದ್ದು ಇದ್ದ ಹಂಗೆ ಹೇಳಿದ್ರೆ ಅವ್ರಿಗೆ ರುಚಿಸ್ತಿರ್ಲಿಲ್ಲ” ಎಂದಳು, ಮೊದಲ ಸಲ ಸ್ವಲ್ಪ ನಕ್ಕು. “ನಾನೂ ಒಂಚೂರು ಸೇರಿಸ್ತಿದ್ದೆ. ಎರಡು ಕುದುರೆ ಇದ್ರೆ ಹತ್ತು ಅಂತಿದ್ದೆ. ಅವ್ರು ಕಣ್ಣು ಮುಚ್ಕೊಂಡು ಕೇಳಿ, ಇದು ಸಿನಿಮಾದ್ದಾ ನಿಂದಾ ಅಂತ ಕೇಳೋರು. ನಂದು ಅಂದ್ರೆ, ಹಂಗಾದ್ರೆ ಅದನ್ನೇ ಇನ್ನೊಂದ್ಸಲ ಹೇಳು ಅನ್ನೋರು.”

“ಮನೇಲಿ ಎಲ್ಲಾರಿಗೂ ಗೊತ್ತಿತ್ತಾ ಇದು?”

“ಅತ್ತಿಗೆಗೆ ಗೊತ್ತು. ಆದ್ರೆ ಜೀವ ಹೋಗೋ ಹೊತ್ತಿನಲ್ಲಿ ಅತ್ತಿಗೆ ಪಕ್ಕದಲ್ಲಿದ್ರು, ನಾನಿರ್ಲಿಲ್ಲ. ನಮ್ಮವ್ರು ನನ್ನ ದಾರಿ ನೋಡ್ತಾ ನೋಡ್ತಾ ನೊಂದ್ಕೊಂಡು ಹೋದ್ರು ಅಂತ ಅತ್ತಿಗೆ ಅಂದ್ಕೊಂಡಿದಾರೆ. ನಂಗೂ ಈಗ ಹಂಗೇ ಅನ್ಸುತ್ತೆ ಮೇಷ್ಟ್ರೇ. ಅವತ್ತು ಬೆಳಿಗ್ಗೆ ಅವ್ರೇ ಹೋಗು ಹೋಗು ಅಂತ ಕಳ್ಸಿದ್ರು. ಇಂಟರ್ವಲ್‌ನಲ್ಲಿ ಕರೆ ಬಂತು, ಓಡಿ ಬಂದೆ, ಅಷ್ಟ್ರಲ್ಲಿ ಆಗೋಗಿತ್ತು.” ಲೋಟವನ್ನು ಚಾಪೆಯ ಪಕ್ಕ ಇಟ್ಟಳು. “ಈ ವಾರ ನಮ್ಮ ತಮ್ಮನ ಊರಿಗೆ ಹೋಗ್ಬಿಡ್ತೀನಿ. ಒಂದೇ ಮನೇಲಿ ಎರಡು ಒಲೆ ನೋಡ್ಕೊಂಡು ಇರಕ್ಕಾಗಲ್ಲ. ಹೋಗೋ ಮುಂಚೆ ಊರು ಒಂದ್ಸಲ ನನ್ನ ನೋಡಿ ನಕ್ಕುಬಿಡ್ಲಿ ಅಂತ ಬಂದೆ. ನಕ್ಕರೆ ಮುಗಿಯುತ್ತಲ್ಲ.”

ಆದರೂ ನಾನೊಬ್ಬ ಹಟಮಾರಿ ಮೇಷ್ಟ್ರು, ಪದ್ಧತಿ ಎಂದರೆ ಪದ್ಧತಿ. ತುಣುಕು ಹಳದಿಯಿಲ್ಲದೆ ಪುಟ ಆಗುವುದಿಲ್ಲ, ಬಿಳಿ ತುಣುಕಿನ ಮೇಲೆ ಬಣ್ಣ ಬಳಿದರೆ ಅದು ಮೋಸ ಎಂದು ಮತ್ತೆ ಹೇಳತೊಡಗಿದೆ. ಇಂದ್ರಾಣಿ ಮಧ್ಯೆ ಬಾಯಿ ಹಾಕಿದಳು.

“ರೀ, ಆ ತುಣುಕನ್ನ ಆಚೆಗಿಡಿ. ಗಿರಣಿ ಕಾಗದದ ಖಾಲಿ ಹಾಳೆ ಇದ್ಯಲ್ಲ, ತೆಗೀರಿ. ದಾಕ್ಷಾಯಿಣಿ, ನೀನು ಆ ಸಿನಿಮಾನ ಎಲ್ಲಿವರೆಗೆ ನೋಡ್ದೆ?”

“ಇಂಟರ್ವಲ್‌ವರೆಗೆ.”

“ಮಿಕ್ಕಿದ್ದು ಗೊತ್ತಿಲ್ಲ ತಾನೇ? ಗೊತ್ತಿಲ್ದೇ ಇದ್ದದ್ದನ್ನ ಬರಿ. ಅವ್ರಿಗೆ ಹೇಳೋ ಹಂಗೇ ಸೇರಿಸ್ಕೊಂಡು ಬರಿ. ಹಳದಿ ತಾನಾಗೇ ಬರುತ್ತೆ. ಕಥೆ ಅರ್ಧಕ್ಕೇ ನಿಂತಿದೆಯಲ್ಲ, ಅದಾದ್ರೂ ಮುಗೀಲಿ.”

ನಲವತ್ತು ವರ್ಷ ಬಣ್ಣ ಕಲಸಿದ ನನಗೆ ಹೊಳೆಯದ್ದು ಅವಳಿಗೆ ಹೊಳೆದಿತ್ತು. ಇದು ನಮ್ಮ ಮನೆಯಲ್ಲಿ ಹೊಸದಲ್ಲ. ನಾನು ಬಾಯಿ ಮುಚ್ಚಿಕೊಂಡು ಹಾಳೆ ತಂದೆ.

ದಾಕ್ಷಾಯಿಣಿ ತನ್ನ ಚೀಲವನ್ನು ಚಾಪೆಯ ಮೇಲೆ ಸುರಿದಳು. ಅದರ ತುಂಬ ಹರಿದ ಟಿಕೆಟಿನ ತುಂಡುಗಳು. ನಮ್ಮ ಟಾಕೀಸಿನಲ್ಲಿ ಬಾಲ್ಕನಿಯ ಟಿಕೆಟ್ ಗುಲಾಬಿ, ಗಾಂಧಿಕ್ಲಾಸಿನದು ಹಳದಿ. ಪಂಪಣ್ಣ ಬಾಗಿಲಲ್ಲಿ ಹರಿದು ಉಳಿಸಿಕೊಂಡ ಅರ್ಧಗಳನ್ನು ಮನೆಗೆ ತಂದು ಒಲೆ ಹೊತ್ತಿಸಲು ಕೊಡುತ್ತಿದ್ದನಂತೆ. ಇವಳು ಹಳದಿಯವನ್ನು ಒಲೆಗೆ ಹಾಕದೆ ತೆಗೆದಿಟ್ಟಿದ್ದಳು. ಅವಳು ಅರ್ಧ ನೋಡಿದ್ದ ಸಿನಿಮಾದ ಹೆಸರು ‘ಏಳು ಕೆರೆಗಳ ರಾಣಿ’. ಕದ್ದು ಹೋದ ಅರಮನೆಯ ಗಂಟೆಯನ್ನು ಹುಡುಕಿಕೊಂಡು ಗಂಡುವೇಷದಲ್ಲಿ ಹೊರಡುವ ರಾಣಿಯ ಕಥೆ. ನಾವು ಟಿಕೆಟ್ಟಿನ ಅರ್ಧಗಳನ್ನು ಮೀನಿನ ಹುರುಪೆಯಂತೆ ಒಂದರ ಮೇಲೊಂದು ಅಂಟಿಸಿ ಹಾಳೆಯ ಸುತ್ತ ಏಳು ಕೆರೆ ಮಾಡಿದೆವು. ಇಂದ್ರಾಣಿ ತನ್ನ ಹಳೆಯ ರೇಷ್ಮೆಯ ರವಿಕೆಯ ಹಳದಿ ತೋಳು ಕತ್ತರಿಸಿ ರಾಣಿಗೆ ಪೇಟ ಕೊಟ್ಟಳು. ಚೆಂಡುಹೂವಿನ ಎಸಳಿನಿಂದ ಗಂಟೆ. ಹಿಂದೆ ಬಂದ ಹಳದಿ ಪತ್ರಿಕೆಗಳಿಂದ ‘ಬೆಚ್ಚಿಬಿದ್ದ ಊರು’, ‘ಕಂಡವರುಂಟೇ?’, ‘ಬಯಲಾದ ರಹಸ್ಯ’ ಎಂಬ ತಲೆಬರಹಗಳನ್ನು ಕತ್ತರಿಸಿ ಕೆರೆಗಳ ಏರಿಯ ಮೇಲೆ ಸಾಲಾಗಿ ನಿಲ್ಲಿಸಿದೆವು. ಅಷ್ಟು ದಿನ ಬಾಡಿಹೋಗಿದ್ದ ದಾಕ್ಷಾಯಿಣಿಯ ಮುಖ ಕತ್ತರಿ ಆಡುತ್ತಿದ್ದಂತೆ ಶಾಲೆಯ ಹುಡುಗಿಯ ಮುಖವಾಯಿತು. ಪಂಪಣ್ಣನ ಬಗ್ಗೆ ಮೂರೂ ಜನ ಏನೇನೋ ಹೇಳಿಕೊಂಡು ನಕ್ಕೆವು. ನಗುವಾಗ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು, ಅಂಟು ಹತ್ತಿದ್ದ ಸೆರಗು ಕೆನ್ನೆಗೆ ಮೆತ್ತಿಕೊಂಡಿತು.

ನಡುವೆ ಬಿಟ್ಟ ಜಾಗದಲ್ಲಿ ಅವಳು ಬರೆಯಲು ಕೂತಳು. ನಾನು ಆ ಸಿನಿಮಾ ನೋಡಿದ್ದೆ. ಇಂಟರ್ವಲ್ ಆದ ಮೇಲೆ ರಾಣಿ ಒಂದು ಗುಹೆ ಹೊಕ್ಕು, ಖಳನ ಜೊತೆ ಕತ್ತಿ ತಿರುಗಿಸಿ, ಗಂಟೆ ತಂದು ಪಟ್ಟಕ್ಕೇರುತ್ತಾಳೆ, ಅಷ್ಟೇ. ದಾಕ್ಷಾಯಿಣಿ ಬರೆದ ರಾಣಿ ಮೊಸಳೆಗಳ ಬೆನ್ನ ಮೇಲೆ ಕಾಲಿಟ್ಟು ಕೆರೆ ದಾಟಿದಳು. ಖಳನಿಗೆ ಮೂರು ಮೀಸೆ. ಗಂಟೆಯನ್ನು ಅವಳು ಒಂದೇ ಕೈಯಲ್ಲಿ ಎತ್ತಿ ಕೊರಳಿಗೆ ಹಾಕಿಕೊಂಡಳು. ಇಂಕು ಆರುತ್ತಿದ್ದಂತೆ ಸಾಲಿನ ಹಿಂದೆ ಸಾಲು ಹಳದಿಯಾಗುತ್ತ ಬಂತು, ಎಂಥ ಹಳದಿ, ಭುಜಂಗಯ್ಯ ಜನ್ಮದಲ್ಲಿ ತೆಗೆಯದ ಹಳದಿ. ನಾನು ಅವಳ ಹೆಗಲ ಮೇಲಿಂದ ಬಗ್ಗಿ ನೋಡುತ್ತ ಶಹಬ್ಬಾಸ್ ಅನ್ನುತ್ತಿದ್ದೆ.

ಕೊನೆಗೆ ಬರುವಾಗ ಅವಳು ಕಥೆಯಲ್ಲಿ ಇಲ್ಲದ ಒಬ್ಬನನ್ನು ತಂದಳು. ಅರಮನೆಯ ಬಾಗಿಲು ಕಾಯುವವನು. ಅವನಿಗೆ ಚಿನ್ನದ ನಡುಪಟ್ಟಿ, ಅವನ ಮಂಚ ಎತ್ತಲು ನಾಲ್ಕು ಹುಲಿ. ಕಾಲಿಗೆ ಬಾಣ ತಾಗಿ ಮಲಗಿದಲ್ಲಿಂದಲೇ ಅವನು ಬಾಗಿಲು ಕಾಯುತ್ತಾನೆ. ರಾಣಿ ಹೊರಟ ದಿನದಿಂದ, ಬಂದಳಾ, ಬಂದಳಾ ಎಂದು ಕೇಳುತ್ತಿರುತ್ತಾನೆ. ಆಮೇಲೆ ಬರೆದಳು: ‘ಅವನು ಹಾಗೆ ಕೇಳಿದ್ದು ಬೇಸರದಿಂದಲ್ಲ. ಅವಳು ತರುವ ಕಥೆಯನ್ನು ಕೇಳುವ ಆಸೆಯಿಂದ.’ ಅದರ ಮುಂದೆ, ರಾಣಿ ಬಂದಳು, ಗಂಟೆ ಹೊಡೆದಳು, ಏಳು ಕೆರೆಗಳೂ ಉಕ್ಕಿ ಹರಿದವು, ಶುಭಂ ಎಂದು ಮುಗಿಸಿದಳು.

ಇಂದ್ರಾಣಿ ಊಟಕ್ಕೆ ಕರೆದಳು. ಉಂಡು ಬಂದು ನೋಡಿದರೆ ಪುಟವೆಲ್ಲ ಹಳದಿ, ನಡುವೆ, ಅವನು ಕೇಳಿದ್ದು ಬೇಸರದಿಂದಲ್ಲ ಎಂಬ ಆ ಒಂದು ಸಾಲು ಮಾತ್ರ ಬಿಳಿ. ಇಂಕು ಇನ್ನೂ ಆರಿಲ್ಲವೇನೋ ಎಂದು ನಾನು ಬಾಯಿಂದ ಊದಿದೆ. ಬಿಸಿಲಿಗೆ ಹಿಡಿದೆ. ಬೆರಳಿನಿಂದ ಮುಟ್ಟಿದೆ, ಆರಿತ್ತು. ಅಷ್ಟು ಚೆನ್ನಾಗಿ ಬಂದ ಪುಟದ ನಡುವೆ ತೇಪೆ ಹಾಕಿದಂತೆ ಕಾಣುತ್ತದಲ್ಲ ಎಂದು ನನಗೆ ಕಿರಿಕಿರಿಯಾಯಿತು. ಬಣ್ಣದವನ ಚಪಲ, ಯೋಚನೆ ಮಾಡಲಿಲ್ಲ. ಅರಿಸಿನದ ಬಟ್ಟಲಿಗೆ ಕುಂಚ ಅದ್ದಿ, ಆ ಸಾಲಿನ ಮೇಲೆ ಎಳೆಯಲು ಬಗ್ಗಿದೆ.

ದಾಕ್ಷಾಯಿಣಿ ನನ್ನ ಮಣಿಕಟ್ಟು ಹಿಡಿದುಕೊಂಡಳು. ಮೇಷ್ಟ್ರ ಕೈ ಹಿಡಿಯುವಷ್ಟು ಸಲಿಗೆ ಅವಳಿಗೆ ಎಂದೂ ಇರಲಿಲ್ಲ. ಕುಂಚದಿಂದ ಒಂದು ಹನಿ ಅರಿಸಿನ ಚಾಪೆಯ ಮೇಲೆ ಬಿತ್ತು.

“ಬೇಡಿ ಮೇಷ್ಟ್ರೇ” ಎಂದಳು. “ಅದು ಸಿನಿಮಾದಲ್ಲಿ ಇತ್ತಾ?”

“ಇಲ್ಲಮ್ಮ. ಬಾಗಿಲು ಕಾಯೋವ್ನೇ ಇಲ್ಲ ಅದ್ರಲ್ಲಿ.”

“ಹಂಗಾದ್ರೆ ಅದು ಯಾರ್ದು?”

ನಾನು ಕುಂಚವನ್ನು ಹಿಂದಕ್ಕೆ ತೆಗೆದೆ. ಅವಳು ಆ ಸಾಲಿನ ಕೆಳಗೆ ಅಂಗೈ ಇಟ್ಟುಕೊಂಡು, ಪಂಪಣ್ಣ ಹೋದಂದಿನಿಂದ ಅಳದೆ ಇಟ್ಟುಕೊಂಡಿದ್ದನ್ನೆಲ್ಲ ಅತ್ತಳು. ಇಂದ್ರಾಣಿ ಅವಳನ್ನು ತನ್ನ ಕಡೆಗೆ ಎಳೆದುಕೊಂಡು ಬೆನ್ನು ಸವರುತ್ತ ಕೂತಳು. ನಾನು ಹಿತ್ತಿಲಿಗೆ ಹೋಗಿ ಕುಂಚ ತೊಳೆದೆ. ಒಂದು ಕುಂಚ ತೊಳೆಯಲು ಅಷ್ಟು ನೀರು ಬೇಕಿರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಪುಟವನ್ನು ವಾಚನಾಲಯದ ಜಗಲಿಯಲ್ಲಿ ನೇತುಹಾಕಿದೆವು. ದಾಕ್ಷಾಯಿಣಿ ಕಂಬದ ಮರೆಯಲ್ಲಿ ನಿಂತಳು. ಜನ ಮೊದಲು ದೂರದಿಂದಲೇ ನೋಡಿದರು, ಬಿಳಿ ಸುದ್ದಿಯವಳ ಹಳದಿ ಪುಟ ಎಂಬ ಅನುಮಾನ ಮುಖದಲ್ಲಿತ್ತು. ಆಮೇಲೆ ಕೊಟ್ರಪ್ಪ ಹತ್ತಿರ ಬಂದು ಗಟ್ಟಿಯಾಗಿ ಓದತೊಡಗಿದ. ಮೊಸಳೆಗಳ ಹತ್ತಿರ ಒಬ್ಬಿಬ್ಬರು ನಕ್ಕರು. ಮೂರು ಮೀಸೆಯ ಖಳ ಬಂದಾಗ ಇಡೀ ಜಗಲಿ ನಕ್ಕಿತು. ಬಾಗಿಲು ಕಾಯುವವನ ಸಾಲಿಗೆ ಬಂದಾಗ ಕೊಟ್ರಪ್ಪ ಓದುವುದನ್ನು ನಿಲ್ಲಿಸಿದ. ಎಲ್ಲರೂ ಕುತ್ತಿಗೆ ಚಾಚಿ ನೋಡಿದರು. ಬಿಳಿ ಎಂದರೆ ಏನೆಂದು ನಮ್ಮೂರವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಿಂದೆ ನಿಂತಿದ್ದ ಭುಜಂಗಯ್ಯ ಕೆನ್ನೆಯ ಮೇಲೆ ಕೈಯಿಟ್ಟುಕೊಂಡು, “ಮೇಷ್ಟ್ರೇ, ನಾಳೆ ಇದನ್ನ ಪತ್ರಿಕೇಲಿ ಹಾಕ್ಲಾ?” ಎಂದು ಮೆಲ್ಲಗೆ ಕೇಳಿದ.

“ಬೇಡಪ್ಪ. ನಿನ್ನ ಕೈಗೆ ಸಿಕ್ರೆ ಆ ಸಾಲೂ ಹಳದಿಯಾದೀತು” ಎಂದೆ.

ಅಷ್ಟರಲ್ಲಿ ಹೊನ್ನಮ್ಮ ಬಂದಳು. ಯಾರು ಹೋಗಿ ಹೇಳಿದರೋ ಗೊತ್ತಿಲ್ಲ, ಸೊಪ್ಪಿನ ಚೀಲ ಕೈಯಲ್ಲೇ ಇತ್ತು. ಜನ ದಾರಿ ಬಿಟ್ಟರು. ಅವಳಿಗೆ ಓದು ನಿಧಾನ, ಒಂದೊಂದೇ ಅಕ್ಷರ ಕೂಡಿಸಿ ತುಟಿ ಅಲ್ಲಾಡಿಸುತ್ತ ಮೇಲಿನಿಂದ ಓದಿಕೊಂಡು ಬಂದಳು. ನಾವೆಲ್ಲ ಕಾದೆವು. ಬಿಳಿ ಸಾಲಿನ ಹತ್ತಿರ ಅವಳು ಬೆರಳನ್ನು ನಾಲಿಗೆಗೆ ತಾಗಿಸಿ, ಆ ಅಕ್ಷರಗಳ ಪಕ್ಕದ ಕಾಗದವನ್ನು ಉಜ್ಜಿ ನೋಡಿದಳು. ಬೆರಳನ್ನು ಬೆಳಕಿಗೆ ಹಿಡಿದಳು. ಬೆರಳು ಸ್ವಚ್ಛವಾಗಿತ್ತು.

“ಮೇಷ್ಟ್ರೇ, ಸಿನಿಮಾದಲ್ಲಿ ಹಿಂಗೇ ಇತ್ತಾ?” ಎಂದು ನನ್ನನ್ನೇ ಕೇಳಿದಳು.

“ಇಲ್ಲ ತಾಯಿ.”

ಹೊನ್ನಮ್ಮ ಸೊಪ್ಪಿನ ಚೀಲವನ್ನು ನೆಲಕ್ಕಿಟ್ಟಳು. “ನಗ್ತಾ ಕೇಳ್ದ” ಎಂದಳು, ಯಾರಿಗೂ ಅಲ್ಲದ ಹಾಗೆ. “ಬಂದ್ಲಾ ಅಕ್ಕ, ಸಿನಿಮಾ ಬಿಟ್ಟಿತಾ ಅಕ್ಕ ಅಂತ ನಗ್ತಾನೇ ಕೇಳ್ದ. ಮಕ್ಳು ತಿಂಡಿ ಕೇಳೋ ಹಂಗೆ. ಆ ನಗು ನಂಗೆ ನೆನಪಿಗೇ ಬರ್ಲಿಲ್ಲ. ಕೇಳಿದ್ದು ಮಾತ್ರ ಎಲ್ಲಾರಿಗೂ ಹೇಳ್ಕೊಂಡು ತಿರುಗಿದೆ.”

ಭುಜಂಗಯ್ಯ ತಲೆ ತಗ್ಗಿಸಿಕೊಂಡು ಮೆಟ್ಟಿಲಿಳಿದು ಹೋದ. ಹೊನ್ನಮ್ಮ ಕಂಬದ ಹತ್ತಿರ ಹೋಗಿ ದಾಕ್ಷಾಯಿಣಿಯ ಕೆನ್ನೆಯ ಮೇಲೆ ಇನ್ನೂ ಒಣಗಿ ಉಳಿದಿದ್ದ ಅಂಟಿನ ಚೂರನ್ನು ಉಗುರಿನಿಂದ ಬಿಡಿಸಿದಳು.

“ಮುಖ ತೊಳ್ಕೊಂಡಿಲ್ವೇನೇ ನಿನ್ನೆಯಿಂದ?”

“ಇಲ್ಲ ಅತ್ತಿಗೆ.”

“ಬಾ ಮನೆಗೆ. ನನ್ನ ಒಲೆ ಹೊಗೆ ಜಾಸ್ತಿ ಕಾರ್ತಿದೆ, ಕಿತ್ತು ಹಾಕ್ತೀನಿ. ನಿನ್ನ ಒಲೇಲೇ ಸಾರು ಇಡೋಣ.” ಹೊನ್ನಮ್ಮ ಸೊಪ್ಪಿನ ಚೀಲವನ್ನು ದಾಕ್ಷಾಯಿಣಿಯ ಕೈಗೆ ಕೊಟ್ಟು, ತಾನು ಅವಳ ತೋಳು ಹಿಡಿದುಕೊಂಡಳು. ಮೆಟ್ಟಿಲಿಳಿದು ಒಂದೆರಡು ಹೆಜ್ಜೆ ಹೋದವಳು ನಿಂತಳು. “ನಾನಂತೂ ಜನ್ಮದಲ್ಲಿ ಸಿನಿಮಾ ನೋಡಿಲ್ಲ. ಹೋಗ್ತಾ ಹೋಗ್ತಾ ಅದೇನು ಮೊದಲಿಂದ ಹೇಳು, ಕೇಳ್ತೀನಿ.”

“ಯಾವ್ದು ಹೇಳ್ಲಿ ಅತ್ತಿಗೆ?” ದಾಕ್ಷಾಯಿಣಿ ಕೇಳಿದಳು. “ಸಿನಿಮಾದ್ದಾ, ನಂದಾ?”

“ಅವನು ಯಾವ್ದು ಇನ್ನೊಂದ್ಸಲ ಕೇಳ್ತಿದ್ನೋ, ಅದನ್ನೇ ಹೇಳು” ಎಂದಳು ಹೊನ್ನಮ್ಮ.